ಬುಟ್ಟಿ ಖಾಲಿ ಇರಲಿಲ್ಲ

ವಾರಕ್ಕೆ ಎರಡು ದಿನ ಸಾಗರ, ಒಂದು ದಿನ ಹೊಸನಗರ, ಎರಡು ದಿನ ತೀರ್ಥಹಳ್ಳಿ. ನಾನು ಅತಿಥಿ ಉಪನ್ಯಾಸಕಿ. ಪಾಠ ಮಾಡಲು ಹಿಡಿದು ಹದಿನೈದು ವರ್ಷ ಕಳೆದರೂ ಮೂರು ಕಾಲೇಜುಗಳಲ್ಲಿ ಒಂದರಲ್ಲೂ ನನ್ನದು ಎನ್ನುವ ಕುರ್ಚಿಯಿಲ್ಲ. ಸ್ಟಾಫ್ ರೂಮಿನಲ್ಲಿ ಯಾರು ರಜೆ ಹಾಕಿದ್ದಾರೋ ಅವರ ಜಾಗದಲ್ಲಿ ಕೂರುತ್ತೇನೆ. ಎಲ್ಲರೂ ಬಂದ ದಿನ ಲೈಬ್ರರಿಯ ಬೆಂಚು. ಈ ಬಗ್ಗೆ ಮೊದಲೆಲ್ಲ ಸಿಟ್ಟು ಬರುತ್ತಿತ್ತು. ಈಗ ಸಿಟ್ಟಿಗೂ ಪುರುಸೊತ್ತಿಲ್ಲ, ಬಸ್ಸು ತಪ್ಪಿದರೆ ಮುಂದಿನದು ಒಂದೂವರೆ ಗಂಟೆ ಬಿಟ್ಟು.

ಮೂರೂ ಕಡೆ ನನಗೆ ಕೊಟ್ಟಿರುವುದು ಒಂದೇ ಪತ್ರಿಕೆ: ವಸಾಹತೋತ್ತರ ಅಧ್ಯಯನ, ಪ್ರಮುಖ ಪರಿಕಲ್ಪನೆಗಳು. ಹೊರಗಿನವರು ಬಂದು ಆಳಿ ಎದ್ದುಹೋದ ಮೇಲೂ ನಮ್ಮ ಕಚೇರಿ, ಶಾಲೆ, ಮಾತು, ತಲೆ ಇವುಗಳಲ್ಲಿ ಏನೇನು ಉಳಿದುಕೊಂಡಿತು ಎಂದು ನೋಡುವ ಪಾಠ ಅದು. ಒಳ್ಳೆಯ ಪಾಠವೇ. ಆದರೆ ಸೋಮವಾರ ಸಾಗರದಲ್ಲಿ ಹೇಳಿದ್ದನ್ನು ಬುಧವಾರ ಹೊಸನಗರದಲ್ಲಿ ಹೇಳಿ, ಗುರುವಾರ ತೀರ್ಥಹಳ್ಳಿಯಲ್ಲಿ ಮತ್ತೆ ಹೇಳುವಷ್ಟರಲ್ಲಿ ನನ್ನ ದನಿ ನನಗೇ ಬೇಸರ ತರಿಸುತ್ತದೆ. ಬೇರೆ ಯಾರೋ ಪಕ್ಕದ ಕೋಣೆಯಲ್ಲಿ ಮಾತಾಡುತ್ತಿದ್ದಾರೆ ಅನ್ನಿಸುತ್ತದೆ.

ಮಕ್ಕಳಿಗೆ ಪುಸ್ತಕ ಬೇಡ, ನೋಟ್ಸ್ ಬೇಕು. ನಾನು ಹೇಳುತ್ತಾ ಹೋಗುತ್ತೇನೆ, ಅವರು ತಲೆ ಬಗ್ಗಿಸಿ ಬರೆಯುತ್ತಾ ಹೋಗುತ್ತಾರೆ. ಪ್ರತಿ ವಾಕ್ಯವನ್ನೂ ಎರಡೆರಡು ಸಲ ಹೇಳಬೇಕು, ಪೂರ್ಣವಿರಾಮವನ್ನೂ ಹೇಳಬೇಕು. ಒಂದೊಂದು ಪರಿಕಲ್ಪನೆಗೂ ಒಂದು ವ್ಯಾಖ್ಯೆ, ನಾಲ್ಕು ಲಕ್ಷಣ, ಒಂದು ಉದಾಹರಣೆ. ಉದಾಹರಣೆ ಮಾತ್ರ ನಮ್ಮ ಕಡೆಯದೇ ಇರಬೇಕು ಎನ್ನುವುದು ನಾನು ಮೊದಲಿನಿಂದ ಇಟ್ಟುಕೊಂಡ ಹಟ. ಮಿಶ್ರತೆ ಎಂಬ ಪರಿಕಲ್ಪನೆಗೆ ಬಸ್‌ಸ್ಟ್ಯಾಂಡಿನ ಗೋಬಿ ಮಂಚೂರಿ ಕೊಟ್ಟಿದ್ದೇನೆ. ಯಾವ ದೇಶದ್ದೂ ಅಲ್ಲದ, ಎಲ್ಲರೂ ತಮ್ಮದೇ ಎಂದುಕೊಂಡು ತಿನ್ನುವ ತಿಂಡಿ. ಅನುಕರಣೆಗೆ, ಸ್ವಾತಂತ್ರ್ಯದ ದಿನ ಕೋಟು ಟೈ ಹಾಕಿಕೊಂಡು ಬಂದು ಬ್ರಿಟಿಷರನ್ನು ಬೈಯುವ ಅತಿಥಿಗಳು. ಇಷ್ಟಕ್ಕೆ ಮಕ್ಕಳು ನಗುತ್ತಾರೆ. ಅದೇ ನಗು ಹೊಸನಗರದಲ್ಲೂ ಅದೇ ಜಾಗದಲ್ಲಿ ಬರುತ್ತದೆ.

ಈ ನೋಟ್ಸ್ ನನ್ನ ಕೈಬಿಟ್ಟು ಬಹಳ ಕಾಲವಾಯಿತು. ಯಾವುದೋ ವರ್ಷದ ಹುಡುಗಿಯೊಬ್ಬಳು ಅಚ್ಚುಕಟ್ಟಾಗಿ ಬರೆದ ಪ್ರತಿ ಸಾಗರದ ಬಸ್‌ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಗೆ ಸೇರಿತು. ಅಲ್ಲಿಂದ ಹೊಸನಗರ, ತೀರ್ಥಹಳ್ಳಿ, ನಾನು ಕಾಲಿಡದ ಎಷ್ಟೋ ಕಾಲೇಜು. ಅಂಗಡಿಯವರು ಅದಕ್ಕೆ ನೀಲಿ ರಟ್ಟು ಹಾಕಿ 'ಮೇಡಂ ನೋಟ್ಸ್' ಅಂತ ತೂಗುಹಾಕಿರುತ್ತಾರೆ. ಯಾವ ಮೇಡಂ ಎಂದು ಯಾರೂ ಕೇಳುವುದಿಲ್ಲ.

ಅದರಲ್ಲಿ ಆರನೆಯ ಪರಿಕಲ್ಪನೆ ಅಧೀನರು. ಅಧಿಕಾರದ ಯಾವ ಮೆಟ್ಟಿಲಿನಲ್ಲೂ ಇಲ್ಲದವರು, ತಮ್ಮ ಮಾತನ್ನು ತಾವೇ ಹೇಳಿಕೊಳ್ಳಲಾಗದವರು ಎಂದು ವ್ಯಾಖ್ಯೆ. ಅದರ ಉದಾಹರಣೆಯ ಬಗ್ಗೆ ನನಗೆ ಒಳಗೊಳಗೇ ಹೆಮ್ಮೆಯಿತ್ತು, ಯಾಕೆಂದರೆ ಅದು ನನ್ನ ಅಪ್ಪಯ್ಯ ಕಣ್ಣಾರೆ ಕಂಡದ್ದು. ಅಣೆಕಟ್ಟಿನ ನೀರು ಊರುಗಳ ಮೇಲೆ ಬರುವ ಮುಂಚೆ ಕಾಗದಪತ್ರಕ್ಕಾಗಿ ಒಬ್ಬ ಸಾಹೇಬರು ಬಂದಿದ್ದರಂತೆ. ಹೊರಗಿನವರು, ಕನ್ನಡ ಅಷ್ಟಕ್ಕಷ್ಟೇ, ಕಡತವೆಲ್ಲ ಇಂಗ್ಲಿಷಿನಲ್ಲಿ. ಆಗಿನ್ನೂ ಮೀಸೆ ಸರಿಯಾಗಿ ಬಂದಿರದ ಅಪ್ಪಯ್ಯನಿಗೆ ಹೈಸ್ಕೂಲಿನ ಇಂಗ್ಲಿಷ್ ಇತ್ತು. ಅವರನ್ನು ಮೇಜಿನ ಪಕ್ಕ ಕೂರಿಸಿಕೊಂಡು, ಊರಿನವರು ಹೇಳಿದ್ದನ್ನು ಸಾಹೇಬರಿಗೂ ಸಾಹೇಬರು ಹೇಳಿದ್ದನ್ನು ಊರಿನವರಿಗೂ ಹೇಳಿಸುತ್ತಿದ್ದರು.

ನಾನು ಬರೆಸುತ್ತಿದ್ದ ವಾಕ್ಯಗಳು ಹೀಗಿದ್ದವು. 'ಒಬ್ಬ ಯುವತಿ ಕಂಕುಳಲ್ಲಿ ಬುಟ್ಟಿಯಿಟ್ಟುಕೊಂಡು ಅಧಿಕಾರಿಯ ಮೇಜಿನ ಮುಂದೆ ನಿಂತಳು. ಮನೆ ಗದ್ದೆ ಮುಳುಗುತ್ತದೆಂದು ತಿಳಿದೂ ಅವಳು ಬಾಯಿ ಬಿಡಲಿಲ್ಲ. ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತಿ ಹೊರಟುಹೋದಳು. ಅವಳ ಖಾಲಿ ಬುಟ್ಟಿ ಬರಿದಾದ ಬದುಕಿನ ಸಂಕೇತ.' ಕೊನೆಯ ವಾಕ್ಯ ಅಪ್ಪಯ್ಯನದಲ್ಲ, ನನ್ನ ಸ್ವಂತದ್ದು. ಬುಟ್ಟಿ ಖಾಲಿ ಇತ್ತು ಎಂದು ಅವರು ಯಾವತ್ತೂ ಹೇಳಿರಲಿಲ್ಲ. ಖಾಲಿಯಾಗಿದ್ದರೆ ಚೆನ್ನಾಗಿರುತ್ತದೆ ಎಂದು ನಾನೇ ಖಾಲಿ ಮಾಡಿದ್ದೆ.

ಅಪ್ಪಯ್ಯ ಈ ಕತೆಯನ್ನು ಮನೆಯಲ್ಲಿ ಬಹಳ ಸಲ ಹೇಳಿದ್ದರು. "ಪಾಪದ್ದು, ಬಾಯೇ ಬಿಟ್ಟಿದ್ದಿಲ್ಲೆ," ಎಂದು ಅಲ್ಲಿಗೆ ನಿಲ್ಲಿಸಿ ಎದ್ದುಹೋಗುತ್ತಿದ್ದರು. ಮುಂದೆ ಅವರು ಮೇಷ್ಟ್ರಾದರು. ಶಾಲೆ ಬಿಟ್ಟ ಮೇಲೆ, ರಜೆಯ ದಿನ, ನೀರಿನಲ್ಲಿ ಊರು ಕಳೆದುಕೊಂಡವರಿಗೆಲ್ಲ ಅರ್ಜಿ ಬರೆದುಕೊಡುವುದು ಅವರ ಕೆಲಸವಾಯಿತು. ಯಾರಿಂದಲೂ ಏನೂ ಮುಟ್ಟಲಿಲ್ಲ. ಅವರು ಹೋಗಿ ಮೂರು ವರ್ಷವಾದರೂ ಸಾಗರದ ಪೇಟೆಯಲ್ಲಿ ನನ್ನನ್ನು ನಿಲ್ಲಿಸಿ "ಅರ್ಜಿ ಮೇಷ್ಟ್ರ ಮಗಳಲ್ವಾ?" ಎಂದು ಕೇಳುವವರಿದ್ದಾರೆ. ಆಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಕೆಲಸ ಪ್ರತಿ ವರ್ಷ ಹೊಸದಾಗಿ ಸಿಗಬೇಕು, ಮನೆ ಬಾಡಿಗೆಯದು. ಕಾಯಂ ಎನ್ನುವುದು ನನಗಿದ್ದರೆ ಅದು ಅಪ್ಪಯ್ಯನ ಒಳ್ಳೆಯ ಹೆಸರು ಮಾತ್ರ.

ಅವರು ನನಗೆ ಕೊಡದೆ ಏನನ್ನೂ ತಿಂದವರಲ್ಲ. ಪೇಟೆಯಿಂದ ಒಂದು ಬಾಳೆಹಣ್ಣು ತಂದರೂ ಅರ್ಧ ನನ್ನದು. ಒಂದೇ ಒಂದು ಸಲ ಹಾಗಾಗಲಿಲ್ಲ. ನಾನಾಗ ಎರಡನೆಯ ಕ್ಲಾಸೋ ಮೂರನೆಯದೋ. ಎಲ್ಲಿಂದಲೋ ಬಂದವರು ಒಳಗೆ ಬರದೆ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಬಾಳೆಯೆಲೆಯ ಗಂಟು ಬಿಚ್ಚಿ, ತಣ್ಣಗಾದ ಸೊಪ್ಪಿನ ಪಲ್ಯ ಮತ್ತು ಕಡುಬನ್ನು ಒಬ್ಬರೇ ತಿಂದರು. ನಾನು ಕೈ ಚಾಚಿದೆ. "ಇದು ನಿಂಗಲ್ಲ ಮಗಾ," ಎಂದರು. ಯಾರ ಮನೆಯದೋ ತಂದು ತಿಂದರು ಎಂದು ಅಮ್ಮ ಎರಡು ದಿನ ಗೊಣಗಿದಳು. ನಾನು ಎರಡು ದಿನ ಅವರ ಜೊತೆ ಮಾತು ಬಿಟ್ಟಿದ್ದೆ. ಸಣ್ಣ ವಿಷಯ, ಆದರೂ ಮರೆತಿಲ್ಲ.

ಈ ಸಲದ ಮೊದಲ ಟೆಸ್ಟಿನ ಉತ್ತರಗಳನ್ನು ನಾನು ಹೊಸನಗರದ ಬಸ್ಸಿನಲ್ಲಿ ಕೂತು ತಿದ್ದುತ್ತಿದ್ದೆ. ಸಾಗರದ ಕಟ್ಟಿನಲ್ಲಿ ಒಂದು ಉತ್ತರ ಪೂರ್ತಿ ಸರಿಯಿತ್ತು. ವ್ಯಾಖ್ಯೆಯಿತ್ತು, ಲಕ್ಷಣಗಳಿದ್ದವು. 'ಉದಾಹರಣೆ' ಎಂದು ಬರೆದು ಕೆಳಗೆ ಗೆರೆ ಎಳೆದು ನಾಲ್ಕು ಬೆರಳಿನಷ್ಟು ಜಾಗ ಖಾಲಿ ಬಿಟ್ಟಿತ್ತು. ಬರೆದವಳು ಬ್ಯಾಕೋಡಿನ ಕಡೆಯ ಹುಡುಗಿ, ಸಾಗರದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಮುಂದಿನ ಬೆಂಚು, ಕಡಿಮೆ ಮಾತು, ಒಂದು ದಿನವೂ ಕ್ಲಾಸು ತಪ್ಪಿಸಿದವಳಲ್ಲ. ಎರಡು ಅಂಕ ಕಳೆದೆ.

ಸೋಮವಾರ ಉತ್ತರಪತ್ರಿಕೆ ಹಂಚಿದ ಮೇಲೆ ಅವಳು ವರಾಂಡದಲ್ಲಿ ಕಾಯುತ್ತಿದ್ದಳು. ಅಂಕ ಕೇಳಲು ಬಂದಿದ್ದಾಳೆ ಎಂದುಕೊಂಡೆ.

"ಉದಾಹರಣೆ ಯಾಕೆ ಬಿಟ್ಟೆ? ಬಾಯಿಪಾಠ ಆಗಿರಲಿಲ್ವಾ?"

"ಬಾಯಿಪಾಠ ಆಗಿತ್ತು ಮೇಡಂ." ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಆ ಬುಟ್ಟಿ ಖಾಲಿ ಇರ್ಲಿಲ್ಲ."

ನನಗೆ ಅರ್ಥವಾಗಲಿಲ್ಲ. ಮುಂದಿನ ಕ್ಲಾಸಿನ ಗಂಟೆ ಬೇರೆ ಹೊಡೆದಿತ್ತು.

"ಅದು ನಮ್ಮಜ್ಜಿ ಮೇಡಂ. ಸಾಹೇಬ್ರ ಮೇಜಿನ ಹತ್ರ ಬುಟ್ಟಿ ತಗೊಂಡು ಹೋಗಿದ್ದು ನಮ್ಮಜ್ಜಿ ಒಬ್ಳೇ. ನಮ್ಮನೇಲಿ ಎಲ್ರಿಗೂ ಗೊತ್ತಿರೋ ವಿಷ್ಯ. ಅಜ್ಜಿ ಸುಮ್ನೆ ನಿಂತಿರ್ಲಿಲ್ಲ. ಮಾತಾಡಿದ್ಳು."

ನಾನು ಆಗ ಹೇಳಿದ ಮಾತನ್ನು ನೆನೆದರೆ ಇವತ್ತಿಗೂ ಮುಖ ಬಿಸಿಯಾಗುತ್ತದೆ. "ಇರಬಹುದಮ್ಮ. ಆದ್ರೆ ಪರೀಕ್ಷೆಯಲ್ಲಿ ನೋಟ್ಸಿನಲ್ಲಿದ್ದ ಹಾಗೆ ಬರಿ," ಎಂದೆ. ಅವಳು "ಆಯ್ತು ಮೇಡಂ" ಎಂದು ಹೋದಳು. ಕ್ಲಾಸಿಗೆ ಹೋದೆ. ಆ ದಿನದ ಪಾಠ ಪ್ರಾತಿನಿಧ್ಯ: ಒಬ್ಬರ ಪರವಾಗಿ ಇನ್ನೊಬ್ಬರು ಮಾತಾಡುವುದು, ಹಾಗೆ ಮಾತಾಡುವಾಗ ಏನು ಕಳೆದುಹೋಗುತ್ತದೆ. ಲಕ್ಷಣ ಮೂರು ಬರೆಸುವಾಗ ನನ್ನ ನಾಲಿಗೆ ತಡವರಿಸಿತು. ಯಾರೂ ತಲೆ ಎತ್ತಲಿಲ್ಲ, ಮುಂದಿನ ಬೆಂಚಿನಲ್ಲಿ ಅವಳೂ ಬರೆಯುತ್ತಿದ್ದಳು.

ಆ ವಾರವೆಲ್ಲ ಬಸ್ಸಿನಲ್ಲಿ ಅದೇ ತಲೆಯಲ್ಲಿ. ನಾನು ಯಾರ ಹತ್ತಿರವೂ ಕೇಳಿರಲಿಲ್ಲ. ಕೇಳಬಹುದಾದವರು ಒಂದು ಬಸ್ಸಿನ ದೂರದಲ್ಲಿದ್ದಾರೆ ಎಂದು ಯೋಚಿಸಿಯೂ ಇರಲಿಲ್ಲ. ನನ್ನ ಲೆಕ್ಕದಲ್ಲಿ ಆ ಹೆಂಗಸು ಒಂದು ಉದಾಹರಣೆ. ಉದಾಹರಣೆಗೆ ವಯಸ್ಸಾಗುತ್ತದೆ, ಮೊಮ್ಮಗಳು ಹುಟ್ಟುತ್ತಾಳೆ, ಆ ಮೊಮ್ಮಗಳು ನನ್ನ ಕ್ಲಾಸಿಗೇ ಬಂದು ಕೂರುತ್ತಾಳೆ ಎನ್ನುವುದು ಹೊಳೆದಿರಲಿಲ್ಲ. ಶುಕ್ರವಾರ ತೀರ್ಥಹಳ್ಳಿಯಿಂದ ಹಿಂದಿರುಗುವಾಗ ಅವಳಿಗೆ ಫೋನು ಮಾಡಿ, ಭಾನುವಾರ ನಿಮ್ಮ ಮನೆಗೆ ಬರಬಹುದಾ ಎಂದು ಕೇಳಿದೆ. "ಬನ್ನಿ ಮೇಡಂ, ನಾನೂ ಊರಿಗೆ ಬಂದಿರ್ತೀನಿ," ಎಂದಳು.

ಬ್ಯಾಕೋಡಿನ ಕಡೆ ಹೋಗಲು ಅಣೆಕಟ್ಟಿನ ಹಿನ್ನೀರು ದಾಟುವ ಹೊಳೆಬಾಗಿಲಿನಲ್ಲಿ ಈಗ ಕಾಯಬೇಕಾಗಿಲ್ಲ. ಮೊದಲಾದರೆ ಲಾಂಚಿಗೆ ಸಾಲಿನಲ್ಲಿ ನಿಂತು, ಬಿಸಿಲೋ ಮಳೆಯೋ ತಿಂದು, ವಾಪಸು ಹೋಗೋಣವೇ ಎಂದು ಎರಡು ಸಲ ಯೋಚಿಸಲು ಸಮಯ ಸಿಗುತ್ತಿತ್ತು. ಸೇತುವೆಯಾದ ಮೇಲೆ ಬಸ್ಸು ನಿಲ್ಲದೆ ದಾಟಿಬಿಡುತ್ತದೆ. ನನಗೆ ಆ ದಿನ ಸಾಲು ಇದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಅಜ್ಜಿ ಜಗುಲಿಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು. ಮಡಿಲಲ್ಲಿ ಒಂದು ಬಿದಿರಿನ ಬುಟ್ಟಿ. ಅದಕ್ಕೆ ಕೆಮ್ಮಣ್ಣು ಬಳಿದು ಒಣಗಿಸಿ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ ಎಳೆಯುತ್ತಿದ್ದರು. ಪುಂಡಿನಾರಿನ ಎಳೆಯೇ ಕುಂಚ. ಭೂಮಿ ಹುಣ್ಣಿಮೆಗೆ ವಾರವಿತ್ತು. ಗದ್ದೆಯಲ್ಲಿ ಭತ್ತ ಹೊಡೆ ತುಂಬುವ ಹೊತ್ತಿಗೆ ಭೂಮಿ ಬಸುರಿ ಎಂದು ಇವರ ಕಡೆ ಬಗೆಬಗೆಯ ಸೊಪ್ಪು, ಕಡುಬು ಬೇಯಿಸಿ, ಹೀಗೆ ಚಿತ್ರ ಬರೆದ ಬುಟ್ಟಿಯಲ್ಲಿ ಹೊತ್ತು, ಬೆಳಕು ಹರಿಯುವ ಮುಂಚೆ ಗದ್ದೆಗೆ ಬೀರಿ ಬರುತ್ತಾರೆ. ನಮ್ಮ ಮನೆಯಲ್ಲಿ ಈ ಹಬ್ಬ ಈ ರೀತಿಯಲ್ಲಿ ಇಲ್ಲ. ನನಗೆ ಇದು ಗೊತ್ತಿತ್ತು, ಆದರೆ ಫೋಟೋದಲ್ಲಿ ನೋಡಿದಷ್ಟೇ ಗೊತ್ತಿತ್ತು.

"ಸಾಹೇಬ್ರ ಪಕ್ಕ ಕೂತಿದ್ದ ಹುಡುಗನ ಮಗಳು ಅಂದ್ಲು ಇವ್ಳು," ಎಂದರು ಅಜ್ಜಿ ನನ್ನನ್ನು ನೋಡಿ. "ಕೂತ್ಕಳಿ. ಬಿಸಿಲಲ್ಲಿ ಬಂದ್ರಾ?"

ನಾನು ಕೂತೆ. ಹುಡುಗಿ ಬೆಲ್ಲ, ನೀರು ತಂದಿಟ್ಟಳು. ಏನು ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದು ಒಂದೂ ನೆನಪಿಗೆ ಬರಲಿಲ್ಲ. ಬ್ಯಾಗಿನಿಂದ ನೋಟ್ಸಿನ ಆ ಪುಟ ತೆಗೆದು ಓದಿಬಿಟ್ಟೆ. ಖಾಲಿ ಬುಟ್ಟಿಯ ವಾಕ್ಯ ಬಂದಾಗ ಅಜ್ಜಿಯ ಕೈ ನಿಂತಿತು.

"ಖಾಲಿ ಬುಟ್ಟಿ ತಗೊಂಡು ಯಾರಾದ್ರೂ ಹೋಗ್ತಾರಾ?" ಎಂದರು. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದಂತೆ.

"ಅದರಲ್ಲಿ ಏನಿತ್ತು ಅಜ್ಜಿ?"

"ಹೊಡೆ ತುಂಬಿದ ಭತ್ತದ ಬುಡ. ಒಂದು ಹಿಡಿ ಬೇರು ಸಮೇತ ಕಿತ್ಕಂಡು, ಬುಟ್ಟಿಲಿ ಇಟ್ಕಂಡು ಹೋಗಿದ್ದೆ. ನಮ್ಮನೆಯೋರಿಗೆ ಜ್ವರ, ಎದ್ದು ಬರಂಗಿರ್ಲಿಲ್ಲ. ಸಾಹೇಬ್ರಿಗೆ ಕಣ್ಣಲ್ಲಿ ತೋರ್ಸಿದ್ರೆ ತಿಳೀತದೆ ಅಂದ್ಕಂಡೆ. ಮೇಜಿನ ಮೇಲೆ ಇಟ್ಟು ಹೇಳ್ದೆ. ನೋಡಿ ಒಡೆಯಾ, ಬಸುರಿ ಆಗ್ಯಾಳೆ. ಹುಣ್ಣಿಮೆಗೆ ಇನ್ನು ಹನ್ನೊಂದು ದಿನ. ಬಸುರಿಗೆ ಉಣ್ಣಿಸ್ದೆ ಬಿಟ್ಟು ಹೋಗಬಾರ್ದು. ಉಣ್ಣಿಸಿ, ಮಾರನೇ ದಿನ ನಾವೇ ಎದ್ದು ಹೋಗ್ತೀವಿ, ಯಾರೂ ನಮ್ಮನ್ನ ಕಳಿಸೋದು ಬ್ಯಾಡ ಅಂದೆ. ಇನ್ನೂ ಏನೇನೋ ಹೇಳ್ದೆ. ಉದ್ದ ಹೇಳ್ದೆ."

"ಸಾಹೇಬರು ಏನಂದ್ರು?"

"ಅವ್ರಿಗೆಲ್ಲಿ ತಿಳೀತದೆ ನಮ್ಮ ಮಾತು. ನಿಮ್ಮ ಅಪ್ಪಯ್ಯನ ಮುಖ ನೋಡಿದ್ರು. ನಿಮ್ಮ ಅಪ್ಪಯ್ಯ ಇಂಗ್ಲೀಷಲ್ಲಿ ಎರಡು ಮಾತು ಅಂದ್ರು. ಎರಡೇ. ನಾನು ಅಷ್ಟುದ್ದ ಹೇಳಿದ್ದು ಎರಡು ಮಾತಲ್ಲಿ ಹ್ಯಾಂಗೆ ಮುಗೀತು ಅಂತ ನೋಡ್ತಾ ನಿಂತೆ. ಅಷ್ಟರಾಗೆ ಮಸಿ ಮುಂದಿಟ್ರು."

ನಾನು ಹುಡುಗಿಯ ಕಡೆ ನೋಡಿದೆ. ಅವಳು ಅಜ್ಜಿಯ ಬುಟ್ಟಿಯನ್ನು ನೋಡುತ್ತಿದ್ದಳು. ಅವಳಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ನಾನು ಕ್ಲಾಸಿನಲ್ಲಿ 'ನನ್ನ ತಂದೆಯೇ ಕಣ್ಣಾರೆ ಕಂಡ ಘಟನೆ' ಎಂದು ಎದೆಯುಬ್ಬಿಸಿ ಹೇಳುವಾಗಲೂ ಗೊತ್ತಿತ್ತು.

"ಏನಂದಿದ್ರು ಅಪ್ಪಯ್ಯ?"

"'ಒಪ್ಪಿದಾಳೆ' ಅಂದಿದ್ರಂತೆ. ಅವ್ರೇ ಹೇಳಿದ್ದು, ಎಷ್ಟೋ ವರ್ಷ ಆದ್ಮೇಲೆ ಇಲ್ಲಿಗೆ ಬಂದಿದ್ರು. ಇದೇ ಜಗುಲಿ. 'ಭೂಮಿ ಬಸುರಿ ಅಂತೆಲ್ಲ ಇಂಗ್ಲೀಷಲ್ಲಿ ಹೇಳಿದ್ರೆ ಸಾಹೇಬ್ರು ನಗ್ತಾರೆ ಅನ್ನಿಸ್ತು, ನಾಚಿಕೆ ಆಯ್ತು' ಅಂದ್ರು. ಅರ್ಜಿ ಬರ್ಕೊಡ್ತೀನಿ ಅಂತ ಕಾಗದ ತಂದಿದ್ರು. ನಾನು ಬ್ಯಾಡ ಅಂದೆ. ಹೇಳೋದು ಒಂದ್ಸಲ ಹೇಳಿ ಆಗಿತ್ತಲ್ಲ."

ಅಷ್ಟು ಹೇಳಿ ಅಜ್ಜಿ ಗೆರೆ ಎಳೆಯುವುದನ್ನು ಮುಂದುವರಿಸಿದರು. ನನಗೆ ಅಳು ಬರಲಿಲ್ಲ. ಸುಸ್ತಾಯಿತು, ಅಷ್ಟೇ. ಆ ಜಗುಲಿಯಲ್ಲೇ ಗೋಡೆಗೊರಗಿ ಮಲಗಿಬಿಡಬೇಕು ಎನ್ನುವಂಥ ಸುಸ್ತು. ಅಪ್ಪಯ್ಯ ಸಾಹೇಬರ ಮುಂದೆ ಒಂದು ಸಲ ಸುಳ್ಳು ಹೇಳಿದ್ದನ್ನು ನಾನು ಕ್ಷಮಿಸಬಲ್ಲೆ, ಆಗ ಹದಿನೆಂಟೋ ಇಪ್ಪತ್ತೋ. ಆದರೆ ಮನೆಯಲ್ಲಿ, ನಮ್ಮ ಮುಂದೆ, ಊಟದ ಎಲೆಯ ಮುಂದೆ ಕೂತು ಅಷ್ಟು ವರ್ಷ "ಬಾಯೇ ಬಿಟ್ಟಿದ್ದಿಲ್ಲೆ" ಎಂದರಲ್ಲ. ಅದನ್ನೇ ನಾನು ಬಾಯಿಪಾಠ ಮಾಡಿ ಮೂರು ತಾಲ್ಲೂಕಿಗೆ ಹಂಚಿದೆನಲ್ಲ.

ಮರುದಿನವೇ ಪುಟ ತಿದ್ದಿ ಬರೆದೆ. ಬುಟ್ಟಿಯಲ್ಲಿ ಏನಿತ್ತು, ಅವಳು ಏನು ಕೇಳಿದಳು, ಯಾಕೆ ಹನ್ನೊಂದು ದಿನ, ಎಲ್ಲ ಬರೆದೆ. ಕೊನೆಗೆ 'ಅವಳ ಮಾತು ಅಧಿಕಾರಿಗೆ ತಲುಪಲಿಲ್ಲ' ಎಂದು ಮುಗಿಸಿದೆ. ಸಾಗರದ ಜೆರಾಕ್ಸ್ ಅಂಗಡಿಯಲ್ಲಿ ಹಳೆಯ ಪುಟ ತೆಗೆಸಿ ಹೊಸದು ಸೇರಿಸಿದೆ. ಬುಧವಾರ ಹೊಸನಗರದ ಅಂಗಡಿಯವನು ನೀಲಿ ರಟ್ಟು ಬಿಚ್ಚಲು ಮನಸ್ಸಿಲ್ಲದೆ, "ಹಳೇದ್ರಲ್ಲೇ ಚೆನ್ನಾಗಿ ಮಾರ್ಕ್ಸ್ ಬರ್ತದಂತೆ ಮೇಡಂ, ಮಕ್ಳು ಹೇಳ್ತಾರೆ," ಎಂದ. ನೋಟ್ಸ್ ನನ್ನದೇ ಎಂದೆ. "ಹೌದಾ, ನೀವೇನಾ," ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದ. ತೀರ್ಥಹಳ್ಳಿಯವನು ಯಂತ್ರ ಕೆಟ್ಟಿದೆ, ನಾಳೆ ಮಾಡುತ್ತೇನೆ ಎಂದು ಪುಟ ಇಟ್ಟುಕೊಂಡ.

ಮುಂದಿನ ಸೋಮವಾರ ಹೊಸ ಪುಟದ ಪ್ರತಿಯನ್ನು ಹುಡುಗಿಗೆ ಕೊಟ್ಟೆ. ಮೆಚ್ಚುತ್ತಾಳೆ ಎಂದುಕೊಂಡಿದ್ದೆ. ನಿಂತಲ್ಲೇ ಓದಿ ಮಡಿಸಿದಳು.

"ಚೆನ್ನಾಗಿದೆ ಮೇಡಂ. ನಿಮ್ಮ ಅಪ್ಪಯ್ಯನ ವಿಷ್ಯ ಇಲ್ಲ."

"ಅದು ನಮ್ಮ ಮನೆ ವಿಷಯ ಅಲ್ವಾ," ಎಂದೆ. ಹಾಗೆನ್ನುವಾಗ ನನ್ನ ದನಿ ಗಟ್ಟಿಯಾಗಿತ್ತು.

"ಅಜ್ಜಿದೂ ನಮ್ಮನೆ ವಿಷ್ಯನೇ ಆಗಿತ್ತು ಮೇಡಂ."

ಅವಳು ಎದುರು ಮಾತಾಡುವ ಹುಡುಗಿಯಲ್ಲ. ಹೇಳಿದ್ದಕ್ಕೆ ಅವಳಿಗೇ ಗಾಬರಿಯಾಗಿ, "ಸಾರಿ ಮೇಡಂ," ಎಂದು ಹೊರಟುಬಿಟ್ಟಳು. ನಾನು ಯಾರದೋ ಕುರ್ಚಿಯಲ್ಲಿ ಕೂತು ಯಾರದೋ ಮೇಜಿನ ಮೇಲೆ ಕೈಯಿಟ್ಟುಕೊಂಡಿದ್ದೆ. ಒಂದು ಸಂಜೆ ಸಾಗರದ ಪೇಟೆಯಲ್ಲಿ ಮುದುಕರೊಬ್ಬರು ಎದುರು ಬಂದು, ಮೇಷ್ಟ್ರು ಬರೆದುಕೊಟ್ಟ ಅರ್ಜಿಯಿಂದ ನಮಗೆ ಜಾಗದ ಕಾಗದ ಆಯಿತು ಎಂದು ಕೈ ಮುಗಿದರು. ನನಗೆ ಬೆನ್ನು ನೆಟ್ಟಗಾಗಲಿಲ್ಲ. ಅವರು ಹೇಳಿದ್ದೂ ಸುಳ್ಳಲ್ಲ. ಅಪ್ಪಯ್ಯ ಅಷ್ಟೆಲ್ಲ ಅರ್ಜಿ ಬರೆದದ್ದು, ಅಜ್ಜಿಯ ಮಾತನ್ನು ಅವತ್ತು ಹೇಳದೆ ಹೋದದ್ದಕ್ಕೋ ಏನೋ. ಕೇಳೋಣವೆಂದರೆ ಅವರೇ ಇಲ್ಲ.

ಕೊನೆಗೆ ಬರೆಸಿದೆ. ಧೈರ್ಯದಿಂದ ಬರೆಸಿದೆ ಎಂದರೆ ಸುಳ್ಳಾಗುತ್ತದೆ. ಮೊದಲು ತೀರ್ಥಹಳ್ಳಿಯಲ್ಲಿ ಬರೆಸಿದೆ, ಅಲ್ಲಿ ಅಪ್ಪಯ್ಯನನ್ನು ಬಲ್ಲವರಿಲ್ಲ. ಹಳೆಯ ಉದಾಹರಣೆ ಹೊಡೆದುಹಾಕಿ, ಹೊಸದು ಬರೆದುಕೊಳ್ಳಿ ಎಂದೆ. 'ನನ್ನ ಅಪ್ಪಯ್ಯ ಅಧಿಕಾರಿಯ ಪಕ್ಕ ಕೂತಿದ್ದರು. ಅವಳು ಹೇಳಿದ್ದು ಅವರಿಗೆ ಪೂರ್ತಿ ಅರ್ಥವಾಗಿತ್ತು. ಅಧಿಕಾರಿ ನಗುತ್ತಾರೆಂದು ನಾಚಿ, ಅವಳು ಒಪ್ಪಿದ್ದಾಳೆ ಎಂದು ಹೇಳಿದರು. ಮನೆಗೆ ಬಂದು, ಅವಳು ಮಾತಾಡಲೇ ಇಲ್ಲ ಎಂದು ಹೇಳಿದರು. ಪೂರ್ಣವಿರಾಮ.' ಎರಡೆರಡು ಸಲ ಹೇಳಿದೆ. ಎರಡನೆಯ ಸಲ ಹೇಳುವಾಗ ಮೊದಲ ಸಲಕ್ಕಿಂತ ಕಷ್ಟವಾಯಿತು. ಮಕ್ಕಳು ತಲೆ ಬಗ್ಗಿಸಿ ಬರೆದರು. ಮುಂದಿನ ವಾರ ಸಾಗರದಲ್ಲಿ ಬರೆಸಿದೆ. ಹಿಂದಿನ ಬೆಂಚಿನವನೊಬ್ಬ ಎದ್ದು, "ಮೇಡಂ, ಇದನ್ನ ಅಧೀನರು ಅನ್ನೋದ್ರಲ್ಲಿ ಬರೀಬೇಕಾ, ಪ್ರಾತಿನಿಧ್ಯದಲ್ಲಿ ಬರೀಬೇಕಾ?" ಎಂದ. ಎರಡರಲ್ಲೂ ಬರಿ ಎಂದೆ. ಮುಂದಿನ ಬೆಂಚಿನಲ್ಲಿ ಅವಳು ಪೆನ್ನು ಕೆಳಗಿಟ್ಟು ಕೂತಿದ್ದಳು. ಬುಧವಾರ ಹೊಸನಗರದಲ್ಲಿ ಬರೆಸುವ ಹೊತ್ತಿಗೆ ನನ್ನ ದನಿ ಮೊದಲಿನ ಹಾಗೆ ಬೇರೆ ಯಾರದೋ ಆಗಿತ್ತು. ಅದಕ್ಕೂ ನಾಚಿಕೆಯಾಯಿತು.

ಎರಡನೆಯ ಟೆಸ್ಟಿನ ಉತ್ತರಗಳನ್ನು ಕಳೆದ ಶನಿವಾರ ಮಧ್ಯಾಹ್ನ ಮನೆಯಲ್ಲಿ ಕೂತು ತಿದ್ದಿದೆ. ನಾನು ಬರೆಸಿದ್ದನ್ನು ಅವರು ಅಕ್ಷರ ಬಿಡದೆ ಒಪ್ಪಿಸಿದ್ದರು. ಒಂದಾದ ಮೇಲೊಂದು ಉತ್ತರದಲ್ಲಿ 'ನನ್ನ ಅಪ್ಪಯ್ಯ ಅಧಿಕಾರಿಯ ಪಕ್ಕ ಕೂತಿದ್ದರು'. ಗೋಬಿ ಮಂಚೂರಿಗೆ ನಕ್ಕವನ ಅಪ್ಪಯ್ಯ ಕೂತಿದ್ದರು, ಹಿಂದಿನ ಬೆಂಚಿನವನ ಅಪ್ಪಯ್ಯ ಕೂತಿದ್ದರು, ಎಲ್ಲರ ಅಪ್ಪಯ್ಯಂದಿರೂ ನಾಚಿ ಸುಳ್ಳು ಹೇಳಿದ್ದರು. ಮೊದಲು ನಗು ಬಂತು. ಹತ್ತನೆಯದಕ್ಕೆ ನಿಂತಿತು. ಎಲ್ಲದಕ್ಕೂ ಪೂರ್ತಿ ಅಂಕ ಹಾಕುತ್ತಾ ಹೋದೆ, ನೋಟ್ಸಿನಲ್ಲಿದ್ದ ಹಾಗೆ ಇದೆ, ಕಳೆಯಲು ಏನೂ ಇಲ್ಲ.

ಅವಳದು ಕಟ್ಟಿನ ಕೊನೆಯಲ್ಲಿತ್ತು. ವ್ಯಾಖ್ಯೆ, ಲಕ್ಷಣ ನನ್ನವು. ಉದಾಹರಣೆಯನ್ನು ಅವಳೇ ಬರೆದಿದ್ದಳು.

'ನಮ್ಮಜ್ಜಿ ಹನ್ನೊಂದು ದಿನ ಕೇಳಿದಳು. ಸಿಗಲಿಲ್ಲ. ಅರ್ಥ ಮಾಡಿಕೊಂಡವರು ಹೇಳಲಿಲ್ಲ. ಎಷ್ಟೋ ವರ್ಷದ ನಂತರ ಅವರು ಅರ್ಜಿ ಬರೆದುಕೊಡಲು ನಮ್ಮ ಮನೆಗೆ ಬಂದರು. ಆ ದಿನ ಭೂಮಿ ಹುಣ್ಣಿಮೆ. ಅಜ್ಜಿ ಅರ್ಜಿ ಬೇಡ ಎಂದಳು. ಗದ್ದೆಗೆ ಬೀರಿ ಬುಟ್ಟಿಯಲ್ಲಿ ಉಳಿದಿದ್ದ ಸೊಪ್ಪು, ಕಡುಬನ್ನು ಬಾಳೆಯೆಲೆಯಲ್ಲಿ ಕಟ್ಟಿ ಅವರ ಕೈಗೆ ಕೊಟ್ಟಳು. ಆಗೆಲ್ಲ ಅವರ ಜಾತಿಯವರು ನಮ್ಮ ಮನೆಯಲ್ಲಿ ಊಟ ಮಾಡುತ್ತಿರಲಿಲ್ಲ. ಮನೆಗೆ ಹೋಗಿ ತಿನ್ನುತ್ತೇನೆ ಎಂದು ತೆಗೆದುಕೊಂಡು ಹೋದರು. ಅವರು ಅದನ್ನು ತಿಂದರೋ, ದಾರಿಯಲ್ಲಿ ಎಸೆದರೋ ಅಜ್ಜಿಗೆ ಇವತ್ತಿನವರೆಗೂ ಗೊತ್ತಿಲ್ಲ. ಪ್ರತಿ ವರ್ಷ ಬುಟ್ಟಿ ಬರೆಯುವಾಗ ಒಂದು ಸಲ ಅದನ್ನು ಹೇಳುತ್ತಾಳೆ.'

ಅದನ್ನು ಎಷ್ಟು ಹೊತ್ತು ಹಿಡಿದುಕೊಂಡು ಕೂತಿದ್ದೆನೋ. ಹೊರಗೆ ಬಟ್ಟೆ ತೆಗೆಯಿರಿ, ಮೋಡ ಆಯಿತು ಎಂದು ಪಕ್ಕದ ಮನೆಯವರು ಕರೆದದ್ದು ಕೇಳಿಸಿತು, ಏಳಲಿಲ್ಲ. ಆಮೇಲೆ ಕೆಂಪು ಪೆನ್ನು ತೆಗೆದುಕೊಂಡು ಅವಳ ಕೊನೆಯ ಸಾಲಿನ ಪಕ್ಕದ ಜಾಗದಲ್ಲಿ ಬರೆದೆ: 'ತಿಂದರು. ಹಿತ್ತಿಲಿನ ಕಲ್ಲಿನ ಮೇಲೆ ಕೂತು, ಒಬ್ಬರೇ, ಪೂರ್ತಿ ತಿಂದರು. ನಾನು ಕೇಳಿದರೂ ಕೊಡಲಿಲ್ಲ. ಅಜ್ಜಿಗೆ ಹೇಳು.'